ಪೈಪಿನ ಹೊದಿಕೆ ತುಕ್ಕನ್ನು ತಡೆಯುತ್ತದೆಯೋ, ಬಚ್ಚಿಡುತ್ತದೆಯೋ?

ಟ್ರ್ಯಾಕ್ಟರಿನ ಟ್ರೇಲರ್ ಇಟ್ಟುಕೊಂಡವರಿಗೆ ಈ ಅನುಭವ ಇದ್ದೇ ಇರುತ್ತದೆ. ಬಣ್ಣ ಎಲ್ಲೂ ಕಿತ್ತಿರುವುದಿಲ್ಲ, ಆದರೆ ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಎದ್ದಿರುತ್ತದೆ. ಉಗುರಿನಿಂದ ಒತ್ತಿದರೆ ಗುಳ್ಳೆ ಒಡೆದು ಕೆಳಗಿನಿಂದ ಕಂದು ಪುಡಿ ಉದುರುತ್ತದೆ. ಸುತ್ತ ಕೆರೆಯುತ್ತಾ ಹೋದರೆ ಗುಳ್ಳೆ ಕಡಲೆಕಾಳಿನಷ್ಟಿದ್ದರೂ ತುಕ್ಕು ಅಂಗೈಯಷ್ಟು ಹರಡಿರುವುದು ಕಾಣುತ್ತದೆ. ಟ್ರೇಲರ್ ಮನೆ ಮುಂದೆಯೇ ನಿಂತಿರುತ್ತದೆ, ಹಾಗಾಗಿ ನೋಡಿದೆವು, ಕೆರೆದೆವು, ಮತ್ತೆ ಬಣ್ಣ ಬಳಿದೆವು. ಇದೇ ಗುಳ್ಳೆ ನೆಲದಿಂದ ಒಂದೂವರೆ ಮೀಟರ್ ಕೆಳಗೆ, ಕಬ್ಬಿನ ಗದ್ದೆಯ ಅಡಿಯಲ್ಲಿ ಹೂತ ಉಕ್ಕಿನ ಪೈಪಿನ ಮೇಲೆ ಎದ್ದರೆ ಯಾರಿಗೆ ಕಾಣಬೇಕು?

"ಒಳ್ಳೆಯ ಕೋಟಿಂಗ್ ಹಾಕಿದ್ದಾರೆ, ಇನ್ನು ಐವತ್ತು ವರ್ಷ ಚಿಂತೆಯಿಲ್ಲ" ಎಂಬ ಮಾತು ಪೈಪ್ ಹೂಳುವ ಕಡೆಯಲ್ಲೆಲ್ಲ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಹೊದಿಕೆ ಇಲ್ಲದ ಉಕ್ಕಿಗಿಂತ ಹೊದಿಕೆ ಇರುವ ಉಕ್ಕು ಎಷ್ಟೋ ಪಾಲು ಹೆಚ್ಚು ಕಾಲ ಬಾಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹೊದಿಕೆ ಎಲ್ಲಿ ಸೋಲುತ್ತದೋ ಅಲ್ಲಿ ತುಕ್ಕು ಸಾಮಾನ್ಯಕ್ಕಿಂತ ವೇಗವಾಗಿ ಕೊರೆಯಬಹುದು. ಅಷ್ಟೇ ಅಲ್ಲ, ಕೆಲವು ಸಂದರ್ಭಗಳಲ್ಲಿ ಅದೇ ಹೊದಿಕೆ ತುಕ್ಕನ್ನು ನಮ್ಮ ಮೀಟರುಗಳಿಂದಲೂ ಮರೆಮಾಡುತ್ತದೆ. ಈ ಎರಡನೆಯ ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ, ಅದಕ್ಕೇ ಈ ಲೇಖನ.

ಎರೆ ಮಣ್ಣು ಮತ್ತು ಪೈಪು

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ ಬೀಳಗಿ ತಾಲ್ಲೂಕಿನ ಅನಗವಾಡಿ ಬಳಿ ಘಟಪ್ರಭೆಯನ್ನು ದಾಟುತ್ತದೆ. ಆಲಮಟ್ಟಿ ಜಲಾಶಯ ತುಂಬಿದಾಗ ಹಿನ್ನೀರು ನದಿಯೊಳಗೆ ಹಿಂದಕ್ಕೆ ಬಂದು ಈ ಭಾಗದಲ್ಲಿ ಹರಡಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಇಳಿದುಹೋಗುತ್ತದೆ. ಹತ್ತಿರದ ಹೆರಕಲ್‌ನಲ್ಲಿ ಏತ ನೀರಾವರಿ ಯೋಜನೆಯಿದೆ. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆಗೆ ಹೋದರೆ ಕಬ್ಬು, ಕಾಲುವೆ, ಮತ್ತು ಮೈಲುಗಟ್ಟಲೆ ಎರೆ ಹೊಲ. ಪೈಪಿನ ತುಕ್ಕಿನ ಬಗ್ಗೆ ಪಾಠ ಮಾಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ, ಯಾಕೆಂದರೆ ತುಕ್ಕಿಗೆ ಬೇಕಾದ ಬಹುಪಾಲು ಸಾಮಗ್ರಿ ಇಲ್ಲಿನ ನೆಲದಲ್ಲೇ ಇದೆ.

ಮೊದಲನೆಯದು ಎರೆಯ ಸ್ವಭಾವ. ಈ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಕೈ ಇಳಿಯುವಷ್ಟು ಅಗಲದ ಬಿರುಕು ಬಿಡುವುದನ್ನು ನೀವು ನೋಡಿಯೇ ಇರುತ್ತೀರಿ. ನೆಲದ ಮೇಲೆ ನಮಗೆ ಬಿರುಕು ಕಂಡರೆ, ಕೆಳಗೆ ಅದೇ ಮಣ್ಣು ಪೈಪಿನ ಮೈಗೆ ಅಂಟಿಕೊಂಡು ಹೊದಿಕೆಯನ್ನು ಹಿಡಿದು ಎಳೆಯುತ್ತಿರುತ್ತದೆ. ವರ್ಷಕ್ಕೊಮ್ಮೆ ಎಳೆತ, ವರ್ಷಕ್ಕೊಮ್ಮೆ ಸಡಿಲ. ಹಳೆಯ ಕಾಲದ ಡಾಂಬರು ಲೇಪನ, ಟೇಪ್ ಸುತ್ತಿದ ಹೊದಿಕೆಗಳು ಈ ಎಳೆದಾಟಕ್ಕೆ ಸುಕ್ಕುಗಟ್ಟುತ್ತವೆ, ಜಾರುತ್ತವೆ, ಲೋಹದಿಂದ ಬಿಟ್ಟುಕೊಳ್ಳುತ್ತವೆ. ಈಗಿನ ಗ್ಯಾಸ್ ಪೈಪುಗಳಿಗೆ ಮೂರು ಪದರದ ಹೊದಿಕೆ ಬಂದಿದೆ. ಲೋಹಕ್ಕೆ ಅಂಟಿದ ಎಪಾಕ್ಸಿ, ಅದರ ಮೇಲೆ ಅಂಟು, ಎಲ್ಲಕ್ಕಿಂತ ಹೊರಗೆ ಪಾಲಿಎಥಿಲೀನ್. ಕಾರ್ಖಾನೆಯಲ್ಲಿ ಹಾಕಿದ ಈ ಹೊದಿಕೆ ಗಟ್ಟಿ. ಆದರೆ ಎರಡು ಪೈಪುಗಳನ್ನು ಬೆಸುಗೆ ಹಾಕಿ ಜೋಡಿಸುವ ಕಡೆ ಹೊದಿಕೆಯನ್ನು ಹೊಲದಲ್ಲೇ ಹಾಕಬೇಕು, ಧೂಳಿನಲ್ಲಿ, ಬಿಸಿಲಿನಲ್ಲಿ. ಬಲಹೀನ ಜಾಗ ಅದೇ.

ಎರಡನೆಯದು ಉಪ್ಪು. ಕಬ್ಬಿಗೆ ನೀರು ಹರಿಸಿ ಹರಿಸಿ ಸವಳು-ಜವಳಾದ ಭೂಮಿ ಘಟಪ್ರಭಾ ಅಚ್ಚುಕಟ್ಟಿನಲ್ಲಿ ಹೊಸ ವಿಷಯವಲ್ಲ. ನೆಲದ ಮೇಲೆ ಬಿಳಿ ಪುಡಿ ಎದ್ದರೆ ಬೆಳೆಗೆ ಎಷ್ಟು ಕೆಟ್ಟದ್ದೋ ಉಕ್ಕಿಗೂ ಅಷ್ಟೇ ಕೆಟ್ಟದ್ದು. ತುಕ್ಕು ಹಿಡಿಯುವುದೆಂದರೆ ಒಂದು ಸಣ್ಣ ಬ್ಯಾಟರಿ ಕೆಲಸ ಮಾಡಿದಂತೆ. ಪೈಪಿನ ಒಂದು ಜಾಗದಲ್ಲಿ ಕಬ್ಬಿಣ ಕರಗಿ ಮಣ್ಣಿಗೆ ಹೋಗುತ್ತದೆ, ಇನ್ನೊಂದು ಜಾಗದಲ್ಲಿ ಆಮ್ಲಜನಕ ವರ್ತಿಸುತ್ತದೆ, ನಡುವೆ ಮಣ್ಣಿನ ಮೂಲಕ ವಿದ್ಯುತ್ ಹರಿಯುತ್ತದೆ. ಮಣ್ಣಿನಲ್ಲಿ ಉಪ್ಪು ಮತ್ತು ತೇವ ಹೆಚ್ಚಿದಷ್ಟೂ ವಿದ್ಯುತ್ತಿಗೆ ದಾರಿ ಸಲೀಸು. ಮಣ್ಣಿನ ವಿದ್ಯುತ್ ನಿರೋಧವನ್ನು ಓಮ್-ಮೀಟರ್‌ಗಳಲ್ಲಿ ಹೇಳುತ್ತಾರೆ. 100ಕ್ಕಿಂತ ಹೆಚ್ಚಿದ್ದರೆ ಅಷ್ಟೇನೂ ಭಯವಿಲ್ಲ, 10ಕ್ಕಿಂತ ಕಡಿಮೆಯಾದರೆ ಆ ಮಣ್ಣು ಉಕ್ಕನ್ನು ತೀವ್ರವಾಗಿ ತಿನ್ನುತ್ತದೆ ಎಂಬುದು ಕ್ಷೇತ್ರದಲ್ಲಿ ಬಳಸುವ ಸಾಮಾನ್ಯ ಅಳತೆಗೋಲು.

ಇದನ್ನು ಅಳೆಯುವ ವಿಧಾನ ನೂರು ವರ್ಷಕ್ಕಿಂತ ಹಳೆಯದು. ಫ್ರಾಂಕ್ ವೆನ್ನರ್ ಎಂಬ ಅಮೆರಿಕದ ವಿಜ್ಞಾನಿ 1915ರಲ್ಲಿ ವಿವರಿಸಿದ್ದು. ನಾಲ್ಕು ಕಬ್ಬಿಣದ ಮೊಳೆಗಳನ್ನು ಸಮ ಅಂತರದಲ್ಲಿ ಒಂದೇ ಸಾಲಿಗೆ ನೆಲಕ್ಕೆ ಹೊಡೆದು, ಹೊರಗಿನ ಎರಡರ ನಡುವೆ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ನೋಡುವುದು. ಮೊಳೆಗಳ ಅಂತರ ಹೆಚ್ಚಿಸಿದಂತೆ ಇನ್ನಷ್ಟು ಆಳದ ಮಣ್ಣಿನ ಅಂದಾಜು ಸಿಗುತ್ತದೆ. ಸರಳವಾದ ಕೆಲಸ, ಆದರೆ ಎರೆ ನಾಡಿನಲ್ಲಿ ಇದರಲ್ಲೊಂದು ಮೋಸವಿದೆ. ಮೇ ತಿಂಗಳಲ್ಲಿ ಅಳೆದರೆ ಒಣಗಿ ಬಿರಿದ ಮಣ್ಣು ಒಳ್ಳೆಯ ಅಂಕಿ ಕೊಡುತ್ತದೆ. ಕಾಲುವೆಗೆ ನೀರು ಬಿಟ್ಟ ಮೇಲೆ, ಇಲ್ಲವೇ ಹಿನ್ನೀರು ಏರಿದ ಮೇಲೆ ಅದೇ ಜಾಗದ ಅಂಕಿ ಕುಸಿಯುತ್ತದೆ. ಪೈಪ್ ಮಾತ್ರ ವರ್ಷದ ಹನ್ನೆರಡು ತಿಂಗಳೂ ಅಲ್ಲೇ ಇರುತ್ತದೆ. ಬೇಸಿಗೆಯ ಒಂದೇ ಅಳತೆಯ ಮೇಲೆ ಹೊದಿಕೆ ಯಾವುದೆಂದು ತೀರ್ಮಾನಿಸುವುದು ನನ್ನ ಪ್ರಕಾರ ಅಳತೆಯೇ ಮಾಡದಿರುವುದಕ್ಕಿಂತ ಅಪಾಯ, ಯಾಕೆಂದರೆ ಕಾಗದದ ಮೇಲೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ.

ಮೂರನೆಯದು ಗಾಳಿ. ಮಸಾರಿ ನೆಲ ಮುಗಿದು ಎರೆ ನೆಲ ಶುರುವಾಗುವ ಗಡಿಯಲ್ಲಿ, ಒಣ ದಿಬ್ಬದಿಂದ ಜೌಗಿಗೆ ಇಳಿಯುವ ಕಡೆ, ಒಂದೇ ಪೈಪಿನ ಒಂದು ಭಾಗಕ್ಕೆ ಆಮ್ಲಜನಕ ಚೆನ್ನಾಗಿ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ. ಗಾಳಿ ತಾಗಿದರೆ ತುಕ್ಕು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ, ಆದ್ದರಿಂದ ಗಾಳಿ ಸಿಗುವ ಭಾಗವೇ ಹಾಳಾಗಬೇಕು ಅನ್ನಿಸುತ್ತದೆ. ನಡೆಯುವುದು ತಿರುವುಮುರುವು. ಗಾಳಿ ಸಿಗದ, ಒದ್ದೆ ಎರೆಯಲ್ಲಿ ಹೂತ ಭಾಗವೇ ಕರಗುತ್ತದೆ, ಗಾಳಿ ಸಿಗುವ ಭಾಗ ಅದರ ಖರ್ಚಿನಲ್ಲಿ ಉಳಿದುಕೊಳ್ಳುತ್ತದೆ. ಗಾಳಿಯೇ ಇಲ್ಲದ ಜೌಗಿನಲ್ಲಿ ಇನ್ನೊಂದು ಕಾಟವೂ ಉಂಟು. ಸಲ್ಫೇಟ್ ಲವಣವನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಬಿಟ್ಟುಕೊಂಡ ಹೊದಿಕೆಯ ಕೆಳಗೆ ಮನೆ ಮಾಡುತ್ತವೆ. ಅಂಥ ಜಾಗವನ್ನು ಅಗೆದಾಗ ಕಂದು ತುಕ್ಕಿನ ಬದಲು ಕಪ್ಪು ಕೆಸರು ಸಿಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಸಣ್ಣ ತೂತಿನ ಲೆಕ್ಕ

ಹೊದಿಕೆಯಲ್ಲಿ ದೊಡ್ಡ ಹರಕು ಕೆಟ್ಟದ್ದೋ ಸಣ್ಣ ತೂತು ಕೆಟ್ಟದ್ದೋ? ಒಂದು ಲೆಕ್ಕ ಹಾಕಿ ನೋಡೋಣ.

ಒಂದು ಆಂಪಿಯರ್ ನೇರ ವಿದ್ಯುತ್ ಪೈಪಿನಿಂದ ಮಣ್ಣಿಗೆ ಒಂದು ವರ್ಷ ಸತತವಾಗಿ ಹರಿದುಹೋದರೆ ಸುಮಾರು 9 ಕಿಲೋ ಕಬ್ಬಿಣ ಕರಗುತ್ತದೆ. ಇದು ಫ್ಯಾರಡೆಯ ನಿಯಮದಿಂದ ಬರುವ ಅಂಕಿ. ಈಗ ಅದರ ಸಾವಿರದ ಒಂದು ಭಾಗ ತೆಗೆದುಕೊಳ್ಳಿ, ಬರೀ ಒಂದು ಮಿಲಿಆಂಪಿಯರ್. ವರ್ಷಕ್ಕೆ 9 ಗ್ರಾಂ ಕಬ್ಬಿಣ, ಅಂದರೆ ಒಂದು ಘನ ಸೆಂಟಿಮೀಟರಿಗಿಂತ ತುಸು ಹೆಚ್ಚು. ಹೊದಿಕೆಯಿಲ್ಲದ ಪೈಪಿನ ಇಡೀ ಮೈಯಿಂದ ಇಷ್ಟು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅದೇ ಒಂದು ಮಿಲಿಆಂಪಿಯರ್, ಚೆನ್ನಾಗಿ ಹೊದಿಸಿದ ಪೈಪಿನ ಮೇಲೆ ಉಗುರಿನಗಲದ, ಒಂದು ಚದರ ಸೆಂಟಿಮೀಟರ್ ತೂತೊಂದರಿಂದಲೇ ಹೊರಗೆ ಹೋದರೆ ವರ್ಷದಲ್ಲಿ 11 ಮಿಲಿಮೀಟರಿಗೂ ಹೆಚ್ಚು ಆಳ ಕೊರೆಯುತ್ತದೆ. ಅನೇಕ ಪೈಪುಗಳ ಗೋಡೆ ಇರುವುದೇ 6ರಿಂದ 12 ಮಿಲಿಮೀಟರ್.

ಹೊದಿಕೆ ವಿದ್ಯುತ್ತಿನ ದಾರಿಗಳನ್ನೆಲ್ಲ ಮುಚ್ಚಿ ಒಂದೇ ಒಂದು ಬಾಗಿಲು ಬಿಟ್ಟರೆ ಎಲ್ಲರೂ ಆ ಬಾಗಿಲಿನಿಂದಲೇ ನುಗ್ಗಬೇಕಲ್ಲ, ಅದೇ ಇಲ್ಲಿ ಆಗುವುದು.

ಈ ವಿದ್ಯುತ್ ಎಲ್ಲಿಂದ ಬರುತ್ತದೆ? ಕೆಲವೊಮ್ಮೆ ಪೈಪೇ ಹುಟ್ಟಿಸುತ್ತದೆ. ಪಂಪ್‌ಹೌಸಿನ ತಾಮ್ರದ ಅರ್ಥಿಂಗ್ ಪಂಪಿನ ಮೈ ಮೂಲಕ ಪೈಪಿಗೆ ತಾಗಿಕೊಂಡಿದ್ದರೆ ತಾಮ್ರ ಮತ್ತು ಉಕ್ಕು ಸೇರಿ ಬ್ಯಾಟರಿಯಾಗುತ್ತವೆ, ಕರಗುವುದು ಉಕ್ಕು. ಇದನ್ನು ತಡೆಯಲೆಂದೇ ಪೈಪಿನ ಮಧ್ಯೆ ವಿದ್ಯುತ್ ದಾಟದ ಜೋಡಣೆ ಹಾಕುತ್ತಾರೆ. ಇನ್ನು ಕೆಲವೊಮ್ಮೆ ಹೊರಗಿನಿಂದ ಬರುತ್ತದೆ. ಬೆಂಗಳೂರಿನ ಮೆಟ್ರೋ ರೈಲು ಓಡುವುದು 750 ವೋಲ್ಟ್ ನೇರ ವಿದ್ಯುತ್ತಿನಲ್ಲಿ. ಅಂಥ ರೈಲಿನ ಹಳಿಯಿಂದ ಸೋರಿದ ವಿದ್ಯುತ್ ಹತ್ತಿರದ ಪೈಪಿಗೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿದರೆ, ಇಳಿಯುವ ಜಾಗ ಸವೆಯುತ್ತದೆ. ಅದಕ್ಕೇ ಮೆಟ್ರೋ ಕಟ್ಟುವವರು ಹಳಿಯನ್ನು ನೆಲದಿಂದ ಬೇರ್ಪಡಿಸಲು ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಭಾಗದ ರೈಲು ಮಾರ್ಗಗಳಲ್ಲಿ ಇರುವುದು 25 ಕಿಲೋವೋಲ್ಟ್ ಪರ್ಯಾಯ ವಿದ್ಯುತ್, ಅದರಿಂದ ಈ ಬಗೆಯ ಕಾಟ ಕಡಿಮೆ. ಆದರೂ ಹೈ-ಟೆನ್ಷನ್ ತಂತಿಯ ಪಕ್ಕದಲ್ಲೇ ಕಿಲೋಮೀಟರುಗಟ್ಟಲೆ ಸಾಗುವ ಪೈಪಿನಲ್ಲಿ ಪ್ರೇರಿತ ವೋಲ್ಟೇಜ್ ಹುಟ್ಟುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಬೇರೆ ಲೋಹ ತಾಗಿದರೆ ಎಂಥ ಅನಾಹುತ ಆಗಬಹುದು ಎಂಬುದಕ್ಕೆ ಮೆಕ್ಸಿಕೋದ ಗ್ವಾದಲಹಾರಾ ನಗರ ಸಾಕ್ಷಿ. ಅಲ್ಲಿ ಸತು ಲೇಪಿತ ನೀರಿನ ಪೈಪೊಂದನ್ನು ಹಳೆಯ ಪೆಟ್ರೋಲ್ ಪೈಪಿಗೆ ತಾಗುವಂತೆ ಹಾಕಿದ್ದರು. ಸವೆತದಿಂದ ತೂತಾಗಿ ಪೆಟ್ರೋಲ್ ಒಳಚರಂಡಿಗೆ ಇಳಿಯಿತು. 1992ರ ಏಪ್ರಿಲ್ 22ರಂದು ಕಿಲೋಮೀಟರುಗಟ್ಟಲೆ ಬೀದಿಗಳು ಸ್ಫೋಟಗೊಂಡು 200ಕ್ಕೂ ಹೆಚ್ಚು ಜನ ಸತ್ತರು. ಹಳೆಯ ಪೈಪಿನ ಮೇಲೆ ಹೊಸ ಪೈಪನ್ನು ಅಡ್ಡ ಹಾಯಿಸುವುದು ನಮ್ಮಲ್ಲಿ ಪ್ರತಿ ಊರಿನಲ್ಲೂ ನಡೆಯುವ ಕೆಲಸ. ಎರಡರ ನಡುವೆ ಅಂತರ ಬಿಡಬೇಕು ಎಂಬ ನಿಯಮಕ್ಕೆ ಇಂಥ ಕಾರಣಗಳಿವೆ.

ಮೈಲುತುತ್ತ ಮತ್ತು ಮೈನಸ್ 0.85

ಹೊದಿಕೆಯಲ್ಲಿ ತೂತು ಆಗಿಯೇ ಆಗುತ್ತದೆ ಎಂದು ಒಪ್ಪಿಕೊಂಡ ಮೇಲೆ ಎಂಜಿನಿಯರುಗಳು ಎರಡನೆಯ ರಕ್ಷಣೆ ಕೊಡುತ್ತಾರೆ. ಪೈಪಿನಿಂದ ವಿದ್ಯುತ್ ಮಣ್ಣಿಗೆ ಹೋಗುವುದರಿಂದ ತಾನೇ ಉಕ್ಕು ಕರಗುವುದು? ಹಾಗಾದರೆ ನಾವೇ ಹೊರಗಿನಿಂದ ನೇರ ವಿದ್ಯುತ್ತನ್ನು ಮಣ್ಣಿನ ಮೂಲಕ ಪೈಪಿನ ಕಡೆಗೆ ಹರಿಸೋಣ ಎಂಬ ಉಪಾಯ. ಇದಕ್ಕೆ ಕ್ಯಾಥೋಡಿಕ್ ರಕ್ಷಣೆ ಎನ್ನುತ್ತಾರೆ. ದೂರದಲ್ಲಿ ಹೂತ ಆನೋಡ್‌ಗಳು ಪೈಪಿನ ಬದಲು ಸವೆಯುತ್ತವೆ. ಬ್ರಿಟನ್ನಿನ ಹಂಫ್ರಿ ಡೇವಿ 1824ರಲ್ಲೇ ಹಡಗುಗಳ ತಾಮ್ರದ ತಗಡನ್ನು ಉಳಿಸಲು ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿ ಇದನ್ನು ತೋರಿಸಿದ್ದ. ಹೂತ ಗ್ಯಾಸ್ ಪೈಪಿಗೆ ಇದನ್ನು ಅಳವಡಿಸಿದ್ದು ಅಮೆರಿಕದ ರಾಬರ್ಟ್ ಕುನ್, 1928ರಲ್ಲಿ. ನಮ್ಮ ದೇಶದಲ್ಲಿ ಈ ವಿದ್ಯೆಯ ಸಂಶೋಧನೆಗೆ ಹೆಸರಾದದ್ದು ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ಎಲೆಕ್ಟ್ರೋಕೆಮಿಕಲ್ ಸಂಶೋಧನಾ ಸಂಸ್ಥೆ, 1953ರಲ್ಲಿ ಆರಂಭವಾದದ್ದು.

ರಕ್ಷಣೆ ತಲುಪುತ್ತಿದೆಯೇ ಎಂದು ನೋಡುವ ಸಾಧನ ನಮ್ಮ ದ್ರಾಕ್ಷಿ, ದಾಳಿಂಬೆ ಬೆಳೆಗಾರರಿಗೆ ಅಪರಿಚಿತವಲ್ಲ. ಬೋರ್ಡೋ ದ್ರಾವಣಕ್ಕೆ ಹಾಕುವ ಅದೇ ಮೈಲುತುತ್ತದ ದ್ರಾವಣವನ್ನು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ತುಂಬಿರುತ್ತಾರೆ, ನಡುವೆ ತಾಮ್ರದ ಕಡ್ಡಿ, ಕೆಳಗೆ ನೀರು ಜಿನುಗುವ ಬಿರಡೆ. ಇದನ್ನು ನೆಲಕ್ಕೆ ಊರಿ, ಮೀಟರಿನ ಒಂದು ತಂತಿಯನ್ನು ಇದಕ್ಕೂ ಇನ್ನೊಂದನ್ನು ಪೈಪಿಗೂ ಕೊಟ್ಟರೆ ಪೈಪಿನ ವೋಲ್ಟೇಜ್ ಸಿಗುತ್ತದೆ. ಮೈನಸ್ 0.85 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣಾತ್ಮಕವಾಗಿದ್ದರೆ ಉಕ್ಕಿಗೆ ರಕ್ಷಣೆ ಸಿಕ್ಕಿದೆ ಎಂದು ಲೆಕ್ಕ. ಬೇಸಿಗೆಯ ಒಣ ಎರೆಯಲ್ಲಿ ಅಳೆಯುವಾಗ ಮೊದಲು ಒಂದು ತಂಬಿಗೆ ನೀರು ಸುರಿದು ನೆಲವನ್ನು ಒದ್ದೆ ಮಾಡಿಕೊಳ್ಳಬೇಕು, ಇಲ್ಲವಾದರೆ ಕೊಳವೆ ಮಣ್ಣಿಗೆ ಸರಿಯಾಗಿ ತಾಗದೆ ಅಂಕಿ ಕುಣಿಯುತ್ತದೆ.

ಹಾಗಿದ್ದರೆ ಮೈನಸ್ 2, ಮೈನಸ್ 3 ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ಅತಿಯಾದರೆ ಉಕ್ಕಿನ ಮೇಲೆ ಹೈಡ್ರೋಜನ್ ಮತ್ತು ಕ್ಷಾರ ಹುಟ್ಟಿ ಹೊದಿಕೆಯೇ ಲೋಹದಿಂದ ಬಿಟ್ಟುಕೊಳ್ಳುತ್ತದೆ. ಗೊಬ್ಬರ ಹೆಚ್ಚಾಗಿ ಬೆಳೆ ಸುಟ್ಟಂತೆ. ಸಾಮಾನ್ಯವಾಗಿ ಮೈನಸ್ 1.2 ವೋಲ್ಟಿನ ಆಸುಪಾಸಿನಲ್ಲಿ ಮಿತಿ ಹಾಕಿಕೊಳ್ಳುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ವಿದ್ಯುತ್ ಹರಿಯುತ್ತಿರುವಾಗ ಅಳೆದರೆ ಮಣ್ಣಿನಲ್ಲಿ ಕಳೆದುಹೋಗುವ ವೋಲ್ಟೇಜ್ ಕೂಡ ಅಂಕಿಗೆ ಸೇರಿ ಪೈಪ್ ನಿಜಕ್ಕಿಂತ ಸುರಕ್ಷಿತವಾಗಿ ಕಾಣುತ್ತದೆ. ಆದ್ದರಿಂದ ಆ ಮಾರ್ಗಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆಗಳನ್ನೆಲ್ಲ ಜಿಪಿಎಸ್ ಗಡಿಯಾರದ ಸಹಾಯದಿಂದ ಒಂದೇ ಕ್ಷಣಕ್ಕೆ ಆರಿಸಿ, ಆರಿದ ಮರುಕ್ಷಣದ ಅಂಕಿಯನ್ನು ಹಿಡಿಯುತ್ತಾರೆ. ಸಮೀಕ್ಷೆ ಮಾಡುವವರು ಪೈಪಿನ ಮೇಲೆಯೇ ಒಂದೆರಡು ಮೀಟರಿಗೊಮ್ಮೆ ಕೋಲು ಊರುತ್ತಾ ನಡೆಯುತ್ತಾರೆ. ಹೊದಿಕೆ ಹರಿದ ಜಾಗವನ್ನೇ ಹುಡುಕಬೇಕಾದರೆ ಬೇರೆ ಸಮೀಕ್ಷೆ: ಎರಡು ಕೋಲುಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ನೋಡುತ್ತಾ ಹೋದರೆ ಮೀಟರಿನ ಮುಳ್ಳು ತೂತಿನ ದಿಕ್ಕಿಗೆ ವಾಲುತ್ತದೆ, ತೂತನ್ನು ದಾಟಿದ ಕೂಡಲೇ ಹಿಂದಕ್ಕೆ ತಿರುಗುತ್ತದೆ. ಒಂದು ಗುದ್ದಲಿಯೂ ನೆಲಕ್ಕೆ ತಾಗದೆ, ಪೈಪಿನ ಎಲ್ಲಿ ಹೊದಿಕೆ ಹೋಗಿದೆ ಎಂದು ಒಂದು ಹೆಜ್ಜೆಯ ಅಂತರದೊಳಗೆ ಹೇಳಬಹುದು. ನಿಜಕ್ಕೂ ಚಂದದ ವಿದ್ಯೆ.

ಮೀಟರಿಗೆ ಕಾಣದ ತುಕ್ಕು

ಈಗ ಟ್ರೇಲರಿನ ಗುಳ್ಳೆಗೆ ಹಿಂತಿರುಗೋಣ. ಮೇಲೆ ಹೇಳಿದ ಅಳತೆಗಳೆಲ್ಲ ಹೊದಿಕೆಯಲ್ಲಿ ತೂತು ಇದ್ದಾಗ ಕೆಲಸ ಮಾಡುತ್ತವೆ, ಯಾಕೆಂದರೆ ತೂತಿನ ಮೂಲಕ ವಿದ್ಯುತ್ ಓಡಾಡುತ್ತದೆ. ಆದರೆ ಹೊದಿಕೆ ಹರಿಯದೆ, ಲೋಹದಿಂದ ಬಿಟ್ಟುಕೊಂಡು ಚೀಲದಂತೆ ಜೋತಿದ್ದರೆ? ಎಲ್ಲೋ ಒಂದು ಅಂಚಿನಿಂದ ನೀರು ಒಳಗೆ ಜಿನುಗುತ್ತದೆ, ತುಕ್ಕು ಶುರುವಾಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಮೂಲಕ ವಿದ್ಯುತ್ ದಾಟುವುದಿಲ್ಲವಾದ್ದರಿಂದ ಕ್ಯಾಥೋಡಿಕ್ ರಕ್ಷಣೆ ಆ ಚೀಲದ ಒಳಗೆ ತಲುಪುವುದಿಲ್ಲ. ಅದೇ ಕಾರಣಕ್ಕೆ ಮೇಲಿನಿಂದ ಅಳೆಯುವ ಮೀಟರಿಗೂ ಅಲ್ಲೇನಿದೆ ಎಂದು ತಿಳಿಯುವುದಿಲ್ಲ. ರಕ್ಷಣೆಯೂ ಇಲ್ಲ, ಸುಳಿವೂ ಇಲ್ಲ. ನೆಲದ ಮೇಲೆ ಅಂಕಿ ಮಾತ್ರ ಮೈನಸ್ 0.95, ಎಲ್ಲ ಸೊಗಸು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಂತಾ ಬಾರ್ಬರಾ ಬಳಿ 2015ರ ಮೇ 19ರಂದು ಒಡೆದ 24 ಇಂಚಿನ ಕಚ್ಚಾ ತೈಲದ ಪೈಪು ಇದಕ್ಕೆ ದೊಡ್ಡ ಉದಾಹರಣೆ. ದಪ್ಪ ತೈಲವನ್ನು ಬಿಸಿಯಾಗಿಡಲು ಪೈಪಿಗೆ ಫೋಮ್ ಸುತ್ತಿ ಅದರ ಮೇಲೆ ಟೇಪ್ ಹಾಕಿದ್ದರು. ಆ ಕವಚದ ಒಳಗೆ ನೀರು ಸೇರಿಕೊಂಡಿತು. ಕ್ಯಾಥೋಡಿಕ್ ರಕ್ಷಣೆಯ ವಿದ್ಯುತ್ ಕವಚವನ್ನು ದಾಟಿ ಉಕ್ಕಿಗೆ ತಲುಪಲಿಲ್ಲ. ಹೊರಗಿನಿಂದ ಸವೆದ ಪೈಪ್ ಒಡೆದು ತೈಲ ಸಮುದ್ರ ಸೇರಿತು.

ಈ ಪ್ರಕರಣದಲ್ಲಿ ಹೆಚ್ಚು ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಒಡೆಯುವ ಎರಡೇ ವಾರ ಮೊದಲು ಆ ಪೈಪಿನೊಳಗೆ ತಪಾಸಣಾ ಯಂತ್ರವನ್ನು ಕಳಿಸಿದ್ದರು. ಪೈಪಿನ ಒಳಗೆ ದ್ರವದ ಒತ್ತಡದಿಂದಲೇ ತೇಲುತ್ತಾ ಸಾಗುವ ಈ ಯಂತ್ರಕ್ಕೆ ಉದ್ಯಮದಲ್ಲಿ 'ಪಿಗ್' ಎಂಬ ಹೆಸರು, ಅಂದರೆ ಹಂದಿ. ಅದರ ಬಲವಾದ ಅಯಸ್ಕಾಂತಗಳು ಉಕ್ಕಿನ ಗೋಡೆಯಲ್ಲಿ ಕಾಂತಕ್ಷೇತ್ರ ತುಂಬುತ್ತವೆ. ಗೋಡೆ ತೆಳುವಾದ ಕಡೆ ಕ್ಷೇತ್ರ ಹೊರಗೆ ಸೋರುತ್ತದೆ, ಸೆನ್ಸರುಗಳು ಅದನ್ನು ಹಿಡಿಯುತ್ತವೆ. ಹೊದಿಕೆ ಬಿಟ್ಟುಕೊಂಡಿದೆಯೋ ಇಲ್ಲವೋ ಇದಕ್ಕೆ ಸಂಬಂಧವಿಲ್ಲ, ನೇರವಾಗಿ ಲೋಹವನ್ನೇ ನೋಡುತ್ತದೆ. ಹೀಗೆ ನೋಡಿದ ಯಂತ್ರ ಒಡೆದ ಜಾಗದಲ್ಲಿ ಗೋಡೆಯ ಶೇ. 47ರಷ್ಟು ಸವೆದಿದೆ ಎಂದು ಅಂದಾಜಿಸಿತ್ತು. ಒಡೆದ ಮೇಲೆ ತುಂಡನ್ನು ಅಳೆದಾಗ ಸವೆತ ಶೇ. 89 ಇತ್ತು.

ಯಂತ್ರ ಕುರುಡಾಗಿರಲಿಲ್ಲ, ಆ ಜಾಗದಲ್ಲಿ ಏನೋ ಇದೆ ಎಂದು ಅದಕ್ಕೆ ಕಂಡಿತ್ತು. ತಪ್ಪಿದ್ದು ಆಳ. ಅಕ್ಕಪಕ್ಕದ ಗುಂಡಿಗಳು ಒಂದಕ್ಕೊಂದು ಸೇರಿಕೊಂಡಾಗ ಕಾಂತಕ್ಷೇತ್ರದ ಸೋರಿಕೆಯಿಂದ ಆಳವನ್ನು ಲೆಕ್ಕ ಹಾಕುವುದು ಸುಲಭವಲ್ಲ. ಇಂಥ ಅಂಕಿಯನ್ನು ನಂಬುವ ಮೊದಲು ಕೆಲವು ಕಡೆಯಾದರೂ ಅಗೆದು, ಹೊದಿಕೆ ಬಿಚ್ಚಿ, ಕೈಯಿಂದ ಅಳೆದು, ಯಂತ್ರ ಹೇಳಿದ್ದಕ್ಕೂ ಕಂಡದ್ದಕ್ಕೂ ತಾಳೆ ನೋಡಲೇಬೇಕು. ಪೈಪ್‌ಲೈನ್ ಉದ್ಯಮದ ನೇರ ತಪಾಸಣಾ ಪದ್ಧತಿಯ ತಿರುಳೂ ಇದೇ. ಮೊದಲು ಹಳೆಯ ದಾಖಲೆ, ಮಣ್ಣು, ಹೊದಿಕೆಯ ವಯಸ್ಸು ನೋಡಿ ಅನುಮಾನದ ಜಾಗ ಗುರುತಿಸುವುದು. ಆಮೇಲೆ ಕನಿಷ್ಠ ಎರಡು ಬೇರೆ ಬೇರೆ ತತ್ವದ ಮೀಟರುಗಳಿಂದ ಮೇಲಿನಿಂದ ಅಳೆಯುವುದು. ಆಮೇಲೆ ಅಗೆಯುವುದು. ಕೆಟ್ಟದೆಂದು ಕಂಡ ಜಾಗದ ಜೊತೆಗೆ, ಚೆನ್ನಾಗಿದೆ ಎಂದು ಮೀಟರ್ ಹೇಳಿದ ಒಂದು ಜಾಗವನ್ನೂ ಅಗೆಯುವುದು. ಈ ಕೊನೆಯದಕ್ಕೆ ಹಣ ಬಿಡುಗಡೆ ಮಾಡಿಸುವುದು ಕಷ್ಟ, ಯಾಕೆಂದರೆ ಏನೂ ಸಿಗದಿದ್ದರೆ ದಂಡದ ಖರ್ಚು ಅನ್ನಿಸುತ್ತದೆ.

ಹೆದ್ದಾರಿ ಅಥವಾ ರೈಲು ಹಳಿಯ ಕೆಳಗೆ ಪೈಪನ್ನು ಇನ್ನೊಂದು ದೊಡ್ಡ ಪೈಪಿನೊಳಗೆ ಹಾಯಿಸಿದ ಕಡೆ ಮೇಲಿನ ಮೀಟರುಗಳು ಹೆಚ್ಚೇನೂ ಹೇಳಲಾರವು, ಹೊರಗಿನ ಪೈಪೇ ಅಡ್ಡ ಬರುತ್ತದೆ. ಅಂಥ ಕಡೆ ಒಂದು ಗುಂಡಿ ತೋಡಿ ಪೈಪಿಗೆ ಪಟ್ಟಿ ಕಟ್ಟಿ ಶಬ್ದತರಂಗ ಕಳಿಸುವ ವಿಧಾನವಿದೆ. ತರಂಗ ಪೈಪಿನ ಗೋಡೆಯಲ್ಲೇ ಹತ್ತಾರು ಮೀಟರ್ ಸಾಗಿ, ಸವೆದ ಕಡೆಯಿಂದ ಪ್ರತಿಧ್ವನಿ ತರುತ್ತದೆ. ಡಾಂಬರು ಅಥವಾ ಸಿಮೆಂಟ್ ಹೊದಿಕೆಯಿದ್ದರೆ ತರಂಗ ಬೇಗ ಸತ್ತುಹೋಗುತ್ತದೆ. ಪೈಪಿನ ಪಕ್ಕದಲ್ಲೇ ಅದೇ ಉಕ್ಕಿನ ಸಣ್ಣ ತುಂಡು ಹೂತು, ತಂತಿಯಿಂದ ಜೋಡಿಸಿ, ಕೆಲವು ವರ್ಷಗಳ ನಂತರ ತೆಗೆದು ತೂಗುವ ಹಳೆಯ ಕ್ರಮವೂ ಇದೆ. ಅದರ ಹೊಸ ರೂಪವೆಂದರೆ ತೆಳು ಲೋಹದ ಪಟ್ಟಿಯ ಸೆನ್ಸರ್. ಪಟ್ಟಿ ಸವೆದಂತೆ ಅದರ ವಿದ್ಯುತ್ ನಿರೋಧ ಏರುತ್ತದೆ, ಅಗೆಯದೆ ಸವೆತದ ವೇಗ ಗೊತ್ತಾಗುತ್ತದೆ. ಆದರೆ ಅದು ಹೇಳುವುದು ತಾನಿರುವ ಜಾಗದ ಸುದ್ದಿ ಮಾತ್ರ.

ಹೊರಗಿನ ಯಾವ ಮೀಟರಿಗೂ ಕಾಣದ ಇನ್ನೊಂದು ದಿಕ್ಕು ಪೈಪಿನ ಒಳಮೈ. ಆಂಧ್ರಪ್ರದೇಶದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಗೇಲ್ ಸಂಸ್ಥೆಯ ಗ್ಯಾಸ್ ಪೈಪ್ ಒಡೆದು, ಹರಡಿದ ಗ್ಯಾಸಿಗೆ ಬೆಂಕಿ ಹೊತ್ತಿ 20ಕ್ಕೂ ಹೆಚ್ಚು ಜನ ಸತ್ತರು. ಒಣ ಗ್ಯಾಸಿಗೆಂದು ಹಾಕಿದ ಪೈಪಿನಲ್ಲಿ ನೀರಿನಂಶವಿದ್ದ ಗ್ಯಾಸ್ ಹರಿದು ಒಳಗಿನಿಂದ ತುಕ್ಕು ಹಿಡಿದಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಹೊರಗಿನ ಹೊದಿಕೆ ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ಉತ್ತರವಾಗುತ್ತಿರಲಿಲ್ಲ.

ನೀರಿನ ಪೈಪಿಗೆ ಕಾವಲು ಯಾರು?

ಕರ್ನಾಟಕದ ನೆಲದ ಕೆಳಗೆ ದೊಡ್ಡ ಇಂಧನ ಮಾರ್ಗಗಳೇ ಹಲವಿವೆ. ಮಂಗಳೂರು-ಹಾಸನ-ಬೆಂಗಳೂರು ಪೆಟ್ರೋಲಿಯಂ ಪೈಪ್‌ಲೈನ್ 362 ಕಿಲೋಮೀಟರ್. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಳಗಾವಿ, ಧಾರವಾಡ ಜಿಲ್ಲೆಗಳ ಮೂಲಕ ಬೆಂಗಳೂರು ಕಡೆಗೆ ಬರುವ ಗ್ಯಾಸ್ ಪೈಪ್‌ಲೈನ್ 2013ರಲ್ಲಿ ಶುರುವಾಯಿತು. ಕಾಸರಗೋಡಿನ ಮೂಲಕ ಬರುವ ಕೊಚ್ಚಿ-ಮಂಗಳೂರು ಗ್ಯಾಸ್ ಪೈಪ್‌ಲೈನ್ 450 ಕಿಲೋಮೀಟರ್, 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಇಂಥ ಮಾರ್ಗಗಳ ತಪಾಸಣೆಗೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ ನಿಯಮಾವಳಿಗಳಿವೆ.

ಆದರೆ ಅನಗವಾಡಿಯಂಥ ಊರಿನ ಜನರ ದಿನನಿತ್ಯದ ಬದುಕಿಗೆ ಹತ್ತಿರವಾದದ್ದು ಗ್ಯಾಸ್ ಪೈಪಲ್ಲ, ನೀರಿನ ಪೈಪು. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳ, ಏತ ನೀರಾವರಿಗಳ ದೊಡ್ಡ ಪೈಪುಗಳು ಬಹುತೇಕ ಉಕ್ಕು ಅಥವಾ ಡಕ್ಟೈಲ್ ಕಬ್ಬಿಣದವು. ಉಕ್ಕಿನ ಪೈಪಿಗೆ ಹೊರಗಿನಿಂದ ಸಿಮೆಂಟ್ ಗಾರೆ ಎರಚುವ 'ಗನೈಟಿಂಗ್' ನಮ್ಮಲ್ಲಿ ಸಾಮಾನ್ಯ. ಸಿಮೆಂಟಿನ ಕ್ಷಾರ ಉಕ್ಕನ್ನು ತುಕ್ಕಿನಿಂದ ಕಾಪಾಡುತ್ತದೆ. ಸವಳು ಭೂಮಿಯ ಕ್ಲೋರೈಡ್ ಬಿರುಕಿನ ಮೂಲಕ ಒಳಗೆ ಹೋದರೆ ಆ ಕಾವಲು ಮುರಿಯುತ್ತದೆ. ಊರೊಳಗಿನ ಸಣ್ಣ ಪೈಪುಗಳು ಈಗ ಪಿವಿಸಿ, ಎಚ್‌ಡಿಪಿಇ. ಪ್ಲಾಸ್ಟಿಕ್‌ಗೆ ತುಕ್ಕಿಲ್ಲ ನಿಜ. ಅದರ ವಾಲ್ವ್, ಬೋಲ್ಟು, ಜೋಡಣೆಗಳು ಕಬ್ಬಿಣದವೇ, ಸೋರಿಕೆ ಶುರುವಾಗುವುದೂ ಬಹಳಷ್ಟು ಸಲ ಅಲ್ಲಿಂದಲೇ.

ನೀರಿನ ಪೈಪ್ ತೂತಾದರೆ ಏನು ಮಹಾ, ನೀರು ಸೋರುತ್ತದೆ ಅಷ್ಟೇ ತಾನೇ ಎಂದುಕೊಳ್ಳುವವರು ಬಹಳ. ನೀರು ಬಿಟ್ಟಿರುವ ಹೊತ್ತಿನಲ್ಲಿ ಅದು ಸರಿ. ನಮ್ಮಲ್ಲಿ ಎಷ್ಟೋ ಊರುಗಳಿಗೆ ನೀರು ಬಿಡುವುದು ದಿನಕ್ಕೆ ಕೆಲವು ಗಂಟೆ, ಇಲ್ಲವೇ ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ನಿಲ್ಲಿಸಿದಾಗ ಪೈಪಿನ ಒತ್ತಡ ಇಳಿದು, ಅದೇ ತೂತಿನಿಂದ ಸುತ್ತಲಿನ ನೀರು ಒಳಗೆ ಬರುತ್ತದೆ. ಗಟಾರದ ಪಕ್ಕದ ಪೈಪಾದರೆ ಗಟಾರದ ನೀರು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ 24 ಗಂಟೆಯೂ ನೀರು ಬರತೊಡಗಿತು, ಉಳಿದ ಕಡೆ ಬಿಟ್ಟು ಬಿಟ್ಟು ಬರುತ್ತಿತ್ತು. ಇದನ್ನೇ ಬಳಸಿಕೊಂಡು ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕರು ಎರಡೂ ಕಡೆಯ ನಲ್ಲಿ ನೀರನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಬಹಳ ಹೆಚ್ಚು ಸಲ ಸಿಕ್ಕಿತು. ಬಿಟ್ಟ ಕೂಡಲೇ ಬರುವ ಮೊದಲ ನೀರು ವಿಶೇಷವಾಗಿ ಕೆಟ್ಟದ್ದು. ಮೊದಲು ಬರುವ ಕೆಂಪು ನೀರನ್ನು ಚೆಲ್ಲುವ ನಮ್ಮ ಮನೆಗಳ ರೂಢಿ ಸರಿಯಾದದ್ದೇ. ಆದರೆ ನೀರು ತಿಳಿಯಾದ ಮಾತ್ರಕ್ಕೆ ಶುದ್ಧವಾಯಿತು ಎಂದಲ್ಲ, ಬ್ಯಾಕ್ಟೀರಿಯಾಕ್ಕೆ ಬಣ್ಣವಿಲ್ಲ.

ಇಷ್ಟು ಜನರ ಆರೋಗ್ಯ ನಿಂತಿರುವ ನೀರಿನ ಪೈಪಿಗೆ ಗ್ಯಾಸ್ ಪೈಪಿನಂಥ ತಪಾಸಣೆ ಬಹುತೇಕ ಇಲ್ಲ. ವಾಲ್ವು, ತಿರುವುಗಳಿಂದಾಗಿ ಅದರೊಳಗೆ ಪಿಗ್ ಓಡಿಸುವುದು ಕಷ್ಟ, ಅದು ದುಬಾರಿಯೂ ಹೌದು. ಹಾಗೆಂದು ಏನೂ ಮಾಡಲಾಗದು ಎಂದಲ್ಲ. ನಾಲ್ಕು ಮೊಳೆಯ ಮಣ್ಣಿನ ಅಳತೆಯನ್ನು ಮಳೆಗಾಲದಲ್ಲೂ ಮಾಡಿ, ಸವಳು-ಜವಳು ಪಟ್ಟಿಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಬಹುದು. ಪಂಪ್‌ಹೌಸಿನಲ್ಲಿ ಪೈಪನ್ನು ಅರ್ಥಿಂಗ್‌ನಿಂದ ಬೇರ್ಪಡಿಸಬಹುದು. ಎಲ್ಲಕ್ಕಿಂತ ಅಗ್ಗದ ಕೆಲಸ ಒಂದಿದೆ: ಸೋರಿಕೆಗೆಂದು ಪ್ರತಿಸಲ ಅಗೆದಾಗ ತುಕ್ಕು ಹೊರಗಿನದೋ ಒಳಗಿನದೋ, ಪೈಪಿನ ಮೇಲ್ಭಾಗದಲ್ಲೋ ತಳದಲ್ಲೋ, ಮಣ್ಣು ಎಂಥದ್ದು ಎಂದು ಬರೆದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡುವುದು. ಈಗ ಆಗುತ್ತಿರುವುದು ಕ್ಲ್ಯಾಂಪ್ ಹಾಕಿ, ಮಣ್ಣು ಮುಚ್ಚಿ, ಬಿಲ್ ಬರೆದು ಮುಗಿಸುವುದು. ಒಂದೇ ಫರ್ಲಾಂಗಿನಲ್ಲಿ ನಾಲ್ಕನೆಯ ಕ್ಲ್ಯಾಂಪ್ ಬಿದ್ದರೂ ಅದು ನಾಲ್ಕನೆಯದು ಎಂದು ಹೇಳುವ ದಾಖಲೆ ಇರುವುದಿಲ್ಲ.

ಹೊಲದಲ್ಲಿ ಪೈಪ್‌ಲೈನ್ ಇದ್ದವರಿಗೆ

ಇಂಧನ ಪೈಪ್‌ಲೈನ್ ಹಾದುಹೋಗುವ ಹೊಲಗಳ ಬದುವಿನ ಮೇಲೆ ಸಣ್ಣ ಕಂಬವೋ ಪೆಟ್ಟಿಗೆಯೋ ಇರುತ್ತದೆ. ಅದರಲ್ಲಿ ಕರೆಂಟ್ ಇದೆ, ಬೆಳೆಗೆ ಕೆಡುಕು ಎಂಬ ಅನುಮಾನ ಕೆಲವರಿಗೆ. ಅದು ಅಳತೆಯ ಕಂಬ, ಒಳಗಿರುವುದು ಪೈಪಿಗೆ ಜೋಡಿಸಿದ ತಂತಿಯ ತುದಿ. ಅಲ್ಲಿ ಅಳೆಯುವುದು ಟಾರ್ಚಿನ ಒಂದು ಸೆಲ್ಲಿಗಿಂತಲೂ ಕಡಿಮೆ ಇರುವ ಆ ಮೈನಸ್ 0.85 ವೋಲ್ಟನ್ನು. ಅದರಿಂದ ಜೋಳಕ್ಕೂ ಕಬ್ಬಿಗೂ ಏನೂ ಆಗುವುದಿಲ್ಲ. ಹಾಗೆಂದು ತಂತಿ ಮುಟ್ಟಲು ಹೋಗಬೇಡಿ, ಹೈ-ಟೆನ್ಷನ್ ಮಾರ್ಗದ ಪಕ್ಕದ ಪೈಪುಗಳಲ್ಲಿ ಪ್ರೇರಿತ ವೋಲ್ಟೇಜ್ ಇರಬಹುದು ಎಂದು ಮೇಲೆಯೇ ಹೇಳಿದ್ದೇನೆ. ವಿದ್ಯುತ್ ಪೂರೈಸುವ ದೊಡ್ಡ ಪೆಟ್ಟಿಗೆಗೆ ಸಾಮಾನ್ಯ ಕರೆಂಟೇ ಬರುತ್ತದೆ, ಅದರಿಂದಲೂ ದೂರವಿರಿ.

1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಇಂಥ ಜಮೀನಿನ ಒಡೆತನ ರೈತರದ್ದೇ, ಪೈಪ್ ಹಾಕಿದವರಿಗೆ ಇರುವುದು ಬಳಕೆಯ ಹಕ್ಕು. ಉಳುಮೆಗೆ ಅಡ್ಡಿಯಿಲ್ಲ. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಮರಕ್ಕೇಕೆ ನಿಷೇಧ ಎಂದರೆ ಬೇರು ಹೊದಿಕೆಯನ್ನು ಸೀಳುತ್ತದೆ ಎಂಬುದೂ ಒಂದು ಕಾರಣ. ಜೆಸಿಬಿ ಹಲ್ಲು ತಾಗಿದರೆ ಪೈಪ್ ಒಡೆಯದಿದ್ದರೂ ಹೊದಿಕೆ ಗೀರಿಹೋಗಿರುತ್ತದೆ. ಏನೂ ಆಗಲಿಲ್ಲವಲ್ಲ ಎಂದು ಮಣ್ಣು ಮುಚ್ಚಿದರೆ ಮೇಲಿನ ಒಂದು ಮಿಲಿಆಂಪಿಯರ್ ಲೆಕ್ಕ ಅಲ್ಲಿಂದ ಶುರುವಾಗಬಹುದು. ಗೀರಿದ ದಿನವೇ ತಿಳಿಸಿದರೆ ಅಲ್ಲಿಗೊಂದು ತೇಪೆ ಹಾಕಿ ಮುಗಿಸುವ ಕೆಲಸ ಅದು.

ಅಗೆಯುವ ಮೊದಲು ಕೆಳಗೇನಿದೆ ಎಂದು ಕೇಳಲು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಡುಗಡೆ ಮಾಡಿದೆ. ಅಗೆಯುವವರು ಜಾಗ ತಿಳಿಸಿದರೆ ಅಲ್ಲಿ ಪೈಪು, ಕೇಬಲ್ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಫೋನಿನಲ್ಲಿ ಆ್ಯಪ್ ಇಲ್ಲದಿದ್ದರೂ ಗುರುತಿನ ಕಂಬದ ಮೇಲೆ ಸಾಮಾನ್ಯವಾಗಿ ಸಂಸ್ಥೆಯ ಹೆಸರು ಮತ್ತು ತುರ್ತು ಕರೆಯ ಸಂಖ್ಯೆ ಬರೆದಿರುತ್ತಾರೆ. ಬಿಸಿಲಿಗೆ ಅಕ್ಷರ ಮಾಸುವ ಮೊದಲೇ ಅದನ್ನು ಮೊಬೈಲಿಗೆ ಹಾಕಿಕೊಂಡಿರಿ.